ಮೊದಲು ಉದಾಸೀನ, ಆಮೇಲೆ ಅವಸರ: ಹೆಣ್ಣುಮಕ್ಕಳ ಒಂದು ಬಗೆಯ ಹೃದಯಾಘಾತ

2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸಾವಿನ ಸುದ್ದಿ ಬಂದಾಗ ನಾಡಿನುದ್ದಕ್ಕೂ ಬೀಡಿ-ಸಿಗರೇಟು, ಜಿಮ್, ಕೆಲಸದ ಒತ್ತಡ, ಕೋವಿಡ್ ಲಸಿಕೆ ಎಂದೆಲ್ಲ ಚರ್ಚೆಯಾಯಿತು. ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಮುಗಿಬಿದ್ದರು. ಆ ಗದ್ದಲದಲ್ಲಿ ಹೆಸರೇ ಕೇಳಿಬರದ ಒಂದು ಬಗೆಯ ಹೃದಯಾಘಾತವಿದೆ. ಅದಕ್ಕೆ ತುತ್ತಾಗುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಅವರ ಸರಾಸರಿ ವಯಸ್ಸು 44ರಿಂದ 53ರ ನಡುವೆ. ಅವರಲ್ಲಿ ಬಹಳಷ್ಟು ಮಂದಿಗೆ ಸಕ್ಕರೆ ಕಾಯಿಲೆ ಇರುವುದಿಲ್ಲ, ಕೊಲೆಸ್ಟ್ರಾಲ್ ಏರಿರುವುದಿಲ್ಲ, ತಂಬಾಕಿನ ಚಟವೂ ಇರುವುದಿಲ್ಲ. ಹೃದಯಕ್ಕೆ ರಕ್ತ ಒಯ್ಯುವ ನಾಳದ ಗೋಡೆ ತಾನೇ ತಾನಾಗಿ ಪದರ ಬಿಡುವ ಈ ಕಾಯಿಲೆಯನ್ನು ವೈದ್ಯರು ಸ್ಪಾಂಟೇನಿಯಸ್ ಕರೋನರಿ ಆರ್ಟರಿ ಡಿಸೆಕ್ಷನ್ ಎನ್ನುತ್ತಾರೆ, ಚಿಕ್ಕದಾಗಿ, ಸ್ಕ್ಯಾಡ್.

ಈ ಕಾಯಿಲೆಯ ವಿಚಿತ್ರವೆಂದರೆ, ಒಬ್ಬಳೇ ರೋಗಿಯ ವಿಷಯದಲ್ಲಿ ಒಂದಕ್ಕೊಂದು ತದ್ವಿರುದ್ಧವಾದ ಎರಡು ತಪ್ಪುಗಳು ಒಂದೇ ದಿನ ನಡೆದುಬಿಡಬಹುದು. ಬೆಳಿಗ್ಗೆ ಅವಳ ಎದೆನೋವನ್ನು ಗ್ಯಾಸ್ ಎಂದು ತಳ್ಳಿಹಾಕುತ್ತಾರೆ. ಸಂಜೆ ಅದು ಹೃದಯಾಘಾತವೆಂದು ಖಚಿತವಾದ ಮೇಲೆ, ಉಳಿದ ಹೃದಯಾಘಾತಗಳಿಗೆ ಮಾಡುವುದನ್ನೆಲ್ಲ ಅವಳಿಗೂ ಅವಸರದಿಂದ ಮಾಡಿ ಮುಗಿಸುತ್ತಾರೆ. ವಿಜಯಪುರ, ಬಾಗಲಕೋಟೆ, ಬೆಳಗಾವಿಯಂತಹ ದೊಡ್ಡ ಜಿಲ್ಲೆಗಳಲ್ಲಿ ರೋಗಿಯು ಹಳ್ಳಿಯಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಸಾಗುವ ದಾರಿಯಲ್ಲಿ ಈ ಎರಡು ತಪ್ಪುಗಳೂ ಎಲ್ಲೆಲ್ಲಿ ಘಟಿಸಬಹುದು ಎಂಬುದನ್ನು ನೋಡಬೇಕಾಗಿದೆ.

ಸಾಮಾನ್ಯ ಹೃದಯಾಘಾತದಲ್ಲಿ ವರ್ಷಗಟ್ಟಲೆ ಕೊಬ್ಬು ಕೂತು ದಪ್ಪಗಾದ ಜಾಗವೊಂದು ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಸ್ಕ್ಯಾಡ್‌ನಲ್ಲಿ ನಾಳದ ಒಳಗೆ ಕೊಬ್ಬಿನ ಪಾತ್ರವಿಲ್ಲ. ರಕ್ತನಾಳದ ಗೋಡೆಗೆ ಮೂರು ಪದರಗಳಿವೆ. ಅವುಗಳ ನಡುವೆ ರಕ್ತ ತುಂಬಿಕೊಂಡು, ಉಬ್ಬಿದ ಆ ರಕ್ತಗಂಟು ಒಳಪದರವನ್ನು ನಾಳದೊಳಕ್ಕೆ ಒತ್ತುತ್ತದೆ. ನದಿದಂಡೆಯ ಕಬ್ಬಿನ ಹೊಲಗಳಲ್ಲಿ ಪಂಪ್‌ಸೆಟ್ ನಡೆಸುವವರು ಹಳೆಯ ರಬ್ಬರ್ ಪೈಪು ಹೊರಗಿನಿಂದ ಗಟ್ಟಿಮುಟ್ಟಾಗಿದ್ದರೂ ಒಳಗಿನ ಪದರ ಬಿಟ್ಟುಕೊಂಡು ನೀರು ನಿಂತದ್ದನ್ನು ಕಂಡಿರುತ್ತಾರೆ. ಇಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ. ರಕ್ತ ಪದರಗಳ ನಡುವೆ ಬರುವುದು ಹೇಗೆ ಎಂಬ ಬಗ್ಗೆ ಎರಡು ವಿವರಣೆಗಳಿವೆ. ಒಳಪದರ ಮೊದಲು ಹರಿದು ಅಲ್ಲಿಂದ ರಕ್ತ ನುಗ್ಗುತ್ತದೆ ಎಂಬುದು ಒಂದು. ನಾಳದ ಗೋಡೆಗೇ ರಕ್ತ ಪೂರೈಸುವ ಕೂದಲೆಳೆಯಂತಹ ಸಣ್ಣ ನಾಳಗಳು ಒಡೆದು, ಗೋಡೆಯೊಳಗೇ ರಕ್ತ ಸೋರಿ, ಒತ್ತಡ ಮಿತಿಮೀರಿದಾಗ ಒಳಪದರ ಹರಿಯಬಹುದು ಅಥವಾ ಹರಿಯದೆಯೂ ಇರಬಹುದು ಎಂಬುದು ಇನ್ನೊಂದು. ಒಳಪದರದಲ್ಲಿ ಹರಕೇ ಕಾಣದ ರೋಗಿಗಳು ಬಹಳ ಇರುವುದರಿಂದ ಎರಡನೆಯದಕ್ಕೆ ಈಗ ಹೆಚ್ಚು ಪುಷ್ಟಿ ಸಿಕ್ಕಿದೆ.

ಕಾಯಿಲೆ ಹೊಸದೇನಲ್ಲ. 1931ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಠಾತ್ತನೆ ತೀರಿಕೊಂಡ 42 ವರ್ಷದ ಮಹಿಳೆಯೊಬ್ಬರ ಶವಪರೀಕ್ಷೆಯ ವರದಿಯಲ್ಲಿ ಇದರ ವರ್ಣನೆ ಬಂದಿತ್ತು. ಆಮೇಲೆ ಹಲವು ದಶಕಗಳ ಕಾಲ ಇದನ್ನು ಅಪರೂಪದಲ್ಲಿ ಅಪರೂಪವೆಂದೇ ಎಣಿಸಿದರು. ಆಂಜಿಯೋಗ್ರಾಂ ಚಿತ್ರವನ್ನು ಹೊಸ ಕಣ್ಣಿನಿಂದ ಓದಲು ಕಲಿತ ಮೇಲೆ ಲೆಕ್ಕ ಬದಲಾಯಿತು. ಒಟ್ಟು ಹೃದಯಾಘಾತಗಳಲ್ಲಿ ಇದರ ಪಾಲು ಶೇ. 1ರಿಂದ 4ರಷ್ಟು ಮಾತ್ರವಾದರೂ 50 ವರ್ಷದೊಳಗಿನ ಹೆಂಗಸರ ಹೃದಯಾಘಾತಗಳಲ್ಲಿ ಶೇ. 35ರವರೆಗೂ ಇದೇ ಕಾರಣವೆಂದು ಪಾಶ್ಚಾತ್ಯ ದೇಶಗಳ ಅಧ್ಯಯನಗಳು ಹೇಳಿವೆ. ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ಬರುವ ಹೃದಯಾಘಾತಕ್ಕಂತೂ ಇದೇ ಮೊದಲ ಕಾರಣ. ಆ ಶೇ. 35ರ ಅಂಕಿಯನ್ನು ಹಾಗೆಯೇ ಎತ್ತಿ ನಮ್ಮ ಜಿಲ್ಲೆಗಳ ಮೇಲೆ ಹಾಕುವುದು ಸರಿಯಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಮಧ್ಯಮ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53 ವರ್ಷ, ಉಳಿದವರಲ್ಲಿ ಸುಮಾರು 59 ವರ್ಷ ಎಂದು ಕಂಡುಬಂದಿತು. ಅಂದರೆ ಕೊಬ್ಬಿನ ಹೃದಯಾಘಾತವೇ ನಮ್ಮವರಿಗೆ ಬೇಗ ಬರುತ್ತದೆ. ಮಹಾರಾಷ್ಟ್ರದ ಗಡಿಗೆ ಹತ್ತಿದ ಊರುಗಳಲ್ಲಿ ತಂಬಾಕಿನ ಮಿಸರಿಯಿಂದ ಹಲ್ಲು ತಿಕ್ಕುವ ಹೆಂಗಸರಿದ್ದಾರೆ, ಸಕ್ಕರೆ ಕಾಯಿಲೆ ಮನೆಮನೆಗೂ ಬಂದಿದೆ. ಆದ್ದರಿಂದ ನಲವತ್ತರ ಹೆಂಗಸಿಗೆ ಎದೆನೋವು ಬಂದರೆ ಅದು ಸ್ಕ್ಯಾಡ್ ಎಂದು ಊಹಿಸಿಬಿಡುವುದೂ ತಪ್ಪು, ಸ್ಕ್ಯಾಡ್ ಆಗಲಾರದು ಎನ್ನುವುದೂ ತಪ್ಪು.

ಯಾಕೆ ಬರುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೆನಡಾದಲ್ಲಿ 750 ರೋಗಿಗಳನ್ನು ಅನುಸರಿಸಿದ ಅಧ್ಯಯನದಲ್ಲಿ ಅರ್ಧದಷ್ಟು ಮಂದಿ ನೋವು ಬರುವ ಮುಂಚೆ ತೀವ್ರ ಮಾನಸಿಕ ಆಘಾತ ಅಥವಾ ಒತ್ತಡ ಅನುಭವಿಸಿದ್ದರು. ಇನ್ನು ಕೆಲವರಿಗೆ ವಿಪರೀತ ಭಾರ ಎತ್ತುವುದು, ಬಿಡದ ವಾಂತಿ, ಜೋರು ಕೆಮ್ಮು ನೆಪವಾಗಿದ್ದವು. ಆದರೆ ನೆಪವೇ ಮೂಲವಲ್ಲ. ಹಲವರ ಕುತ್ತಿಗೆ, ಮೂತ್ರಪಿಂಡ ಅಥವಾ ತೊಡೆಯ ನಾಳಗಳಲ್ಲಿ ಫೈಬ್ರೋಮಸ್ಕ್ಯುಲರ್ ಡಿಸ್‌ಪ್ಲೇಸಿಯಾ ಎಂಬ ಗೋಡೆಯ ದೋಷ ಕಂಡುಬರುತ್ತದೆ. ಮೈಗ್ರೇನ್ ತಲೆನೋವಿನ ಇತಿಹಾಸವೂ ಇವರಲ್ಲಿ ಹೆಚ್ಚು. ಫ್ಯಾಕ್ಟರ್-1 (PHACTR1) ಎಂದು ಕರೆಯುವ ಜೀನ್‌ನ ಒಂದು ರೂಪ ಸ್ಕ್ಯಾಡ್‌ನ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಅದೇ ರೂಪ ಕೊಬ್ಬಿನಿಂದಾಗುವ ಹೃದಯಾಘಾತದ ಸಾಧ್ಯತೆಯನ್ನು ತಗ್ಗಿಸುತ್ತದೆ. ಇವು ಒಂದೇ ಕಾಯಿಲೆಯ ಎರಡು ಮುಖಗಳಲ್ಲ, ಬೇರೆ ಬೇರೆ ಕಾಯಿಲೆಗಳು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಮೊದಲ ತಪ್ಪು ಹೇಗೆ ಆಗುತ್ತದೆ ಎಂಬುದಕ್ಕೆ ಜಮಖಂಡಿ ಕಡೆಯ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳೋಣ. ಎರಡನೆಯ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಗಳು. ಹೆರಿಗೆಯಾಗಿ ವಾರ ಕಳೆದಿದೆ. ಬಾಣಂತನದ ಸ್ಕ್ಯಾಡ್ ಹೆಚ್ಚಾಗಿ ಹೆರಿಗೆಯ ನಂತರದ ಮೊದಲ ತಿಂಗಳಲ್ಲಿ, ಅದರಲ್ಲೂ ಮೊದಲ ವಾರದಲ್ಲಿ ಬರುತ್ತದೆ. ನಸುಕಿನಲ್ಲಿ "ಎದಿ ಹಿಂಡಿದಂಗ ಆಗಾಕತ್ತೈತಿ, ಯವ್ವಾ" ಎಂದು ಅವಳು ಎದ್ದು ಕೂತರೆ, ತಾಯಿ "ಥಂಡಿ ಹಿಡದೈತಿ" ಎಂದು ಅಜವಾನದ ಕಷಾಯ ಕುಡಿಸಿ ಮೈಗೆ ಕಾವು ಕೊಡುತ್ತಾಳೆ. ಬೆಳಗಾದ ಮೇಲೆ ಊರಿನ ಡಾಕ್ಟರು ಬಿಪಿ ನೋಡಿ, ಅಸಿಡಿಟಿಯ ಇಂಜೆಕ್ಷನ್ ಮಾಡಿ, "ಗ್ಯಾಸ್ ಐತ್ರಿ, ಅಂಜಬ್ಯಾಡ್ರಿ" ಎನ್ನುತ್ತಾರೆ. ನೋವು ತುಸು ಇಳಿಯುತ್ತದೆ. ಸ್ಕ್ಯಾಡ್‌ನಲ್ಲಿ ನೋವು ಬಂದು ಹೋಗಿ ಮಾಡುವುದುಂಟು. ಆದರೆ ಮನೆಯವರ ಪಾಲಿಗೆ ನೋವು ಇಳಿದದ್ದು ಗ್ಯಾಸ್ ಎಂಬ ಮಾತಿಗೆ ಸಿಕ್ಕ ರುಜುವಾತು. ಡಾಕ್ಟರು ಅಥವಾ ತಾಯಿ ದಡ್ಡರೆಂದಲ್ಲ. ಅವರ ಅನುಭವದಲ್ಲಿ ಇಂತಹ ಎದೆನೋವುಗಳಲ್ಲಿ ಹೆಚ್ಚಿನವು ನಿಜವಾಗಿಯೂ ಗ್ಯಾಸೇ ಆಗಿರುತ್ತವೆ. ಆದರೆ ಇಸಿಜಿ ತೆಗೆಯಲು ಬೇಕಾಗುವುದು ಐದು ನಿಮಿಷ. ಎದೆನೋವೆಂದು ಬಂದ ಯಾರಿಗೇ ಆಗಲಿ ಬಂದ ಹತ್ತು ನಿಮಿಷದೊಳಗೆ ಅದನ್ನು ತೆಗೆಯಬೇಕೆಂಬುದು ಜಗತ್ತಿನೆಲ್ಲೆಡೆ ಒಪ್ಪಿದ ನಿಯಮ. ಅದಕ್ಕೆ ಹೆಣ್ಣು-ಗಂಡು, ಬಾಣಂತಿ-ಮುದುಕ ಎಂಬ ಭೇದವಿಲ್ಲ. ಮೊದಲ ಇಸಿಜಿ ಸರಿಯಾಗಿ ಕಂಡರೂ 15ರಿಂದ 30 ನಿಮಿಷದ ಅಂತರದಲ್ಲಿ ಅದನ್ನು ಮತ್ತೆ ತೆಗೆಯಬೇಕು, ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ನೋಡಬೇಕು. ಸ್ಕ್ಯಾಡ್‌ನಲ್ಲಿ ಮೊದಲ ಇಸಿಜಿ ಮೋಸ ಮಾಡುವುದುಂಟು.

ಎರಡನೆಯ ತಪ್ಪಿನ ವಿಷಯ ಇಷ್ಟು ಸರಳವಲ್ಲ, ಯಾಕೆಂದರೆ ಅಲ್ಲಿ ಒಂದು ಒಳ್ಳೆಯ ವ್ಯವಸ್ಥೆಯೇ ತೊಡಕಾಗಬಹುದು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಕೇಂದ್ರದಲ್ಲಿ ತಜ್ಞರು ಓದಿ, ನಾಳ ಪೂರ್ತಿ ಮುಚ್ಚಿದ ಹೃದಯಾಘಾತವೆಂದು ತಿಳಿಸಿದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಹತ್ತಾರು ಸಾವಿರ ರೂಪಾಯಿ ಬೆಲೆಬಾಳುವ ಆ ಇಂಜೆಕ್ಷನ್ ಬಡವನ ಕೈಗೆಟಕುವಂತಾದದ್ದು ಸಣ್ಣ ಸಂಗತಿಯಲ್ಲ. ಬಲೂನಿನಿಂದ ನಾಳ ತೆರೆಯುವ ಚಿಕಿತ್ಸೆ ಎರಡು ತಾಸಿನೊಳಗೆ ಸಿಗದ ಕಡೆ ಹೆಪ್ಪು ಕರಗಿಸುವುದೇ ಸರಿಯಾದ ದಾರಿ, ಮತ್ತು ಉತ್ತರ ಕರ್ನಾಟಕದ ಎಷ್ಟೋ ತಾಲೂಕುಗಳು ಆ ಲೆಕ್ಕಕ್ಕೇ ಸೇರುತ್ತವೆ. ಸ್ಕ್ಯಾಡ್‌ನಲ್ಲಿ ಮಾತ್ರ ಇದೇ ಇಂಜೆಕ್ಷನ್ ಹಾನಿ ಮಾಡಬಹುದು. ಗೋಡೆಯೊಳಗೆ ಸೋರುತ್ತಿರುವ ರಕ್ತ ಹೆಪ್ಪುಗಟ್ಟಿ ನಿಲ್ಲಬೇಕಾದ ಹೊತ್ತಿನಲ್ಲಿ ಹೆಪ್ಪು ಕರಗಿಸಿದರೆ ಸೋರಿಕೆ ಮುಂದುವರಿಯುತ್ತದೆ, ಸೀಳು ಉದ್ದವಾಗುತ್ತದೆ, ಅಪರೂಪಕ್ಕೆ ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿ ಹೃದಯವೇ ಅಮುಕಿಹೋಗುತ್ತದೆ. 2018ರಲ್ಲಿ ಅಮೆರಿಕದ ಮತ್ತು ಯುರೋಪಿನ ಹೃದ್ರೋಗ ತಜ್ಞರ ಸಂಘಗಳು ಹೊರತಂದ ಎರಡೂ ಹೇಳಿಕೆಗಳು ಸ್ಕ್ಯಾಡ್‌ಗೆ ಈ ಚಿಕಿತ್ಸೆ ಸಲ್ಲದು ಎಂದಿವೆ.

ತೊಡಕು ಇರುವುದು, ಸ್ಕ್ಯಾಡ್ ಇದೆಯೋ ಇಲ್ಲವೋ ಎಂಬುದು ಇಸಿಜಿಯಲ್ಲಿ ಕಾಣದಿರುವುದರಲ್ಲಿ. ಆಂಜಿಯೋಗ್ರಾಂ ಆಗುವವರೆಗೆ ಯಾರೂ ಖಚಿತವಾಗಿ ಹೇಳಲಾರರು. ಹಾಗಾದರೆ ತಾಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರು ಏನು ಮಾಡಬೇಕು? ಹೆಂಗಸೆಂಬ ಒಂದೇ ಕಾರಣಕ್ಕೆ ಇಂಜೆಕ್ಷನ್ ತಡೆಹಿಡಿದರೆ ಕೊಬ್ಬಿನ ಹೃದಯಾಘಾತವಿರುವ ಹಲವು ಹೆಂಗಸರನ್ನು ಕಳೆದುಕೊಳ್ಳಬೇಕಾಗುತ್ತದೆ. ನನ್ನ ತಿಳುವಳಿಕೆಯಲ್ಲಿ ಇಲ್ಲಿ ಬೇಕಿರುವುದು ಹೊಸ ಯಂತ್ರವಲ್ಲ, ಇಸಿಜಿಯ ಜೊತೆ ಹೋಗಬೇಕಾದ ನಾಲ್ಕು ಮಾತು: ವಯಸ್ಸೆಷ್ಟು, ಬಸುರಿಯೋ ಬಾಣಂತಿಯೋ, ಹೆರಿಗೆಯಾಗಿ ಎಷ್ಟು ದಿನವಾಯಿತು, ಸಕ್ಕರೆ-ತಂಬಾಕು-ಬಿಪಿ ಇದೆಯೋ ಇಲ್ಲವೋ. ಹೆರಿಗೆಯಾಗಿ ಒಂಬತ್ತು ದಿನವಾದ, ಬೇರೆ ಯಾವ ಕಾಯಿಲೆಯೂ ಇಲ್ಲದ 33 ವರ್ಷದವಳ ಇಸಿಜಿ ಎಂದು ತಿಳಿದರೆ, ಅತ್ತ ಕುಳಿತ ತಜ್ಞರು ಇಂಜೆಕ್ಷನ್ ಕೊಡಿ ಎನ್ನುವ ಮುಂಚೆ ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬ್ ಎಷ್ಟು ದೂರವಿದೆ ಎಂದು ಕೇಳುತ್ತಾರೆ. ಜಮಖಂಡಿಯಿಂದ ಬಾಗಲಕೋಟೆಗೂ ವಿಜಯಪುರಕ್ಕೂ ಸುಮಾರು ಒಂದೂವರೆ ತಾಸಿನ ದಾರಿ; ಅಥಣಿಯವರಿಗೆ ತಮ್ಮದೇ ಜಿಲ್ಲಾ ಕೇಂದ್ರವಾದ ಬೆಳಗಾವಿಗಿಂತ ಮಿರಜ್ ಹತ್ತಿರ; ಇಂಡಿ, ಚಡಚಣದ ಕಡೆಯವರು ಸೊಲ್ಲಾಪುರಕ್ಕೆ ಒಯ್ಯುವುದೂ ಇದೆ. ಯಾವ ಊರಿನಲ್ಲಿ ಆ ಹೊತ್ತಿಗೆ, ಅದರಲ್ಲೂ ರಾತ್ರಿ, ಆಂಜಿಯೋಗ್ರಾಂ ಮಾಡುವ ತಂಡ ಸಿದ್ಧವಿದೆ ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿ ಆಂಬುಲೆನ್ಸ್ ಹೊರಡಿಸುವುದು, ಜಿಲ್ಲೆಯ ಗಡಿ, ರಾಜ್ಯದ ಗಡಿ ನೋಡಿ ಹೊರಡಿಸುವುದಕ್ಕಿಂತ ಮೇಲು.

ಕ್ಯಾಥ್ ಲ್ಯಾಬ್ ತಲುಪಿದ ಮೇಲೂ ಪರೀಕ್ಷೆ ಮುಗಿಯುವುದಿಲ್ಲ. ಮಣಿಕಟ್ಟಿನಿಂದ ಸಣ್ಣ ನಳಿಕೆ ತೂರಿಸಿ ಬಣ್ಣದ ದ್ರವ ಬಿಟ್ಟಾಗ ಪರದೆಯ ಮೇಲೆ ನಾಳಗಳು ಕಪ್ಪಗೆ ಮೂಡುತ್ತವೆ. ಪುಸ್ತಕದಲ್ಲಿರುವಂತೆ ನಾಳದೊಳಗೆ ಎರಡು ಹಾದಿಗಳು ಕಾಣುವ, ಬಣ್ಣ ಗೋಡೆಯಲ್ಲಿ ನಿಂತುಬಿಡುವ ಚಿತ್ರ ಎಲ್ಲರಿಗೂ ಗುರುತು ಸಿಗುತ್ತದೆ. ಆದರೆ ಅದು ಕಡಿಮೆ ಮಂದಿಯಲ್ಲಿ. ಹೆಚ್ಚಿನವರಲ್ಲಿ ಕಾಣುವುದು ಬೇರೆ: ಹೃದಯದ ಮುಂಭಾಗಕ್ಕೆ ಹೋಗುವ ಎಲ್‌ಎಡಿ ಎಂಬ ನಾಳ ಮೇಲ್ಭಾಗದಲ್ಲಿ ಚೆನ್ನಾಗಿಯೇ ಇರುತ್ತದೆ, ನಡುವೆ ಎಲ್ಲೋ ಒಂದು ಕವಲು ದಾಟಿದ ಕೂಡಲೇ ಸಟ್ಟನೆ ಸಣ್ಣಗಾಗುತ್ತದೆ, ಹಾಗೆ 20 ಮಿಲಿಮೀಟರಿಗಿಂತ ಹೆಚ್ಚು ದೂರ ನುಣ್ಣಗೆ, ಒಂದೇ ಸಮನಾಗಿ ಸಣ್ಣಗೇ ಉಳಿಯುತ್ತದೆ. ಕೊಬ್ಬಿನ ಕಾಯಿಲೆಯ ಒರಟು, ಗಂಟುಗಂಟಾದ ಅಂಚು ಅಲ್ಲಿಲ್ಲ. ಉಳಿದ ನಾಳಗಳಲ್ಲೂ ಕೊಬ್ಬಿನ ಸುಳಿವಿಲ್ಲ. ಅವಸರದ ಕಣ್ಣಿಗೆ ಅದು ಹುಟ್ಟಿನಿಂದಲೇ ಸಣ್ಣಗಿರುವ ನಾಳದಂತೆ ಅಥವಾ ಸೆಳೆತದಿಂದ ಕುಗ್ಗಿದ ನಾಳದಂತೆ ಕಾಣುತ್ತದೆ, "ನಾರ್ಮಲ್" ಎಂದು ಬರೆದು ಕಳಿಸುವುದೂ ಆಗುತ್ತದೆ. ನಾಳ ಹಿಗ್ಗಿಸುವ ನೈಟ್ರೋಗ್ಲಿಸರಿನ್ ಬಿಟ್ಟು ನೋಡಿದರೆ ಸೆಳೆತದ ನಾಳ ಹಿಗ್ಗುತ್ತದೆ, ಪದರ ಬಿಟ್ಟದ್ದು ಹಿಗ್ಗುವುದಿಲ್ಲ. ಇನ್ನೂ ಸಂಶಯವಿದ್ದರೆ ನಾಳದೊಳಗಿಂದಲೇ ಚಿತ್ರ ತೆಗೆಯುವ ಓಸಿಟಿ ಅಥವಾ ಐವಸ್ ಇದೆ. ಆದರೆ ಆ ತಂತಿಯನ್ನು ತೂರಿಸುವುದೇ, ಕೊನೆಗೆ ಬಣ್ಣವನ್ನು ಜೋರಾಗಿ ಒತ್ತುವುದೇ ಸೀಳನ್ನು ಬೆಳೆಸಬಹುದಾದ್ದರಿಂದ ಚಿತ್ರವೇ ಸ್ಪಷ್ಟವಿರುವಾಗ ಸುಮ್ಮನಿರುವುದು ಜಾಣತನ.

ಇಲ್ಲಿಂದ ಮುಂದಿನ ಚಿಕಿತ್ಸೆಯ ತಿರುಳೂ ಇದೇ. ರೋಗಿಯ ನೋವು ನಿಂತಿದ್ದರೆ, ಬಿಪಿ ಸರಿಯಿದ್ದರೆ, ನಾಳದಲ್ಲಿ ರಕ್ತ ಹರಿಯುತ್ತಿದ್ದರೆ, ನಾಳವನ್ನು ತೆರೆದಿಡುವ ಜಾಲರಿಯಾದ ಸ್ಟೆಂಟ್ ಹಾಕಬಾರದು. ಕೊಬ್ಬಿನ ಅಡಚಣೆ ಸ್ಟೆಂಟಿನ ಒತ್ತಡಕ್ಕೆ ಗೋಡೆಗೆ ಅಂಟಿಕೊಳ್ಳುತ್ತದೆ; ಪದರಗಳ ನಡುವಿನ ರಕ್ತ ಹಾಗಲ್ಲ, ಒತ್ತಿದಲ್ಲಿ ತಗ್ಗಿ ಆಚೀಚೆ ಉಬ್ಬುತ್ತದೆ, ಒಂದು ಸ್ಟೆಂಟ್ ಎರಡಾಗಿ, ಎರಡು ಮೂರಾಗುತ್ತವೆ. ತಂತಿ ಸರಿಯಾದ ಹಾದಿ ಬಿಟ್ಟು ಪದರಗಳ ನಡುವಿನ ಸುಳ್ಳು ಹಾದಿ ಹಿಡಿದರೆ ಇದ್ದ ಹರಿವೂ ನಿಲ್ಲುತ್ತದೆ. ಎಲ್ಲ ಸರಿಹೋಯಿತೆಂದುಕೊಂಡರೂ, ವಾರಗಳ ನಂತರ ರಕ್ತಗಂಟು ಕರಗಿ ನಾಳ ತನ್ನ ಮೊದಲಿನ ಅಗಲಕ್ಕೆ ಬಂದಾಗ ಸ್ಟೆಂಟ್ ಸಡಿಲವಾಗಿ ನಿಲ್ಲಬಹುದು. ಇನ್ನೊಂದು ಕಡೆ, ಕೈಹಚ್ಚದೆ ಬಿಟ್ಟ ನಾಳಗಳು ತಾವೇ ವಾಸಿಯಾಗುತ್ತವೆ: ಕೆನಡಾದ ವ್ಯಾಂಕೂವರ್ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ತಿಂಗಳ ನಂತರ ಮತ್ತೆ ಆಂಜಿಯೋಗ್ರಾಂ ಆದವರ ಸೀಳುಗಳಲ್ಲಿ ಶೇ. 95ರಷ್ಟು ವಾಸಿಯಾಗಿದ್ದವು. ಮೇಲೆ ಹೇಳಿದ 750 ರೋಗಿಗಳಲ್ಲಿಯೂ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿಗೆ ಮೊದಲು ಔಷಧಿಯಿಂದಲೇ ಚಿಕಿತ್ಸೆ ನಡೆಯಿತು.

ಕೈಹಚ್ಚಲೇಬೇಕಾದ ಸಂದರ್ಭಗಳೂ ಇವೆ. ನೋವು ನಿಲ್ಲದಿದ್ದರೆ, ಬಿಪಿ ಕುಸಿಯುತ್ತಿದ್ದರೆ, ಅಪಾಯಕಾರಿ ಬಡಿತಗಳು ಬರುತ್ತಿದ್ದರೆ, ಎಡಗಡೆಯ ಮೂಲ ನಾಳವೇ ಸೀಳಿದ್ದರೆ ಕಾಯುವಂತಿಲ್ಲ. ಆಗಲೂ ಗುರಿ ಸಣ್ಣದು: ಚಿತ್ರ ಚೆಂದ ಕಾಣುವಂತೆ ಮಾಡುವುದಕ್ಕಿಂತ ರಕ್ತ ಹರಿಯುವಂತೆ ಮಾಡಿ ನಿಲ್ಲಿಸುವುದು. ಅದೂ ಆಗದಿದ್ದರೆ ಬೈಪಾಸ್. ಆದರೆ ಸ್ವಂತ ನಾಳ ವಾಸಿಯಾದ ಮೇಲೆ ಹೊಸ ನಾಳದಲ್ಲಿ ಹರಿವು ಕಡಿಮೆಯಾಗಿ ಅದು ಮುಚ್ಚಿಹೋಗುವುದು ಸಾಮಾನ್ಯ.

ಸ್ಟೆಂಟ್ ಬೇಡವೆಂದಾಗ ಹೊರಗೆ ಕಾದು ಕುಳಿತ ಮನೆಯವರ ಮುಖ ನೋಡಬೇಕು. "ಎಂಬತ್ತು ಪರ್ಸೆಂಟ್ ಬ್ಲಾಕ್ ಐತಿ ಅಂತೀರಿ, ಮತ್ತ ಸ್ಟಂಟ್ ಯಾಕ ಹಾಕಂಗಿಲ್ರಿ? ರೊಕ್ಕದ ಚಿಂತಿ ಮಾಡಬ್ಯಾಡ್ರಿ ಸರ" ಎಂದು ಅಣ್ಣನೋ ಮಾವನೋ ಕೇಳುತ್ತಾರೆ. ಆ ಪ್ರಶ್ನೆ ಸಹಜವಾದದ್ದು. ಬ್ಲಾಕ್ ಎಂದರೆ ಸ್ಟೆಂಟ್ ಎಂದು ಜನರಿಗೆ ಕಲಿಸಿದವರು ನಾವೇ. ಕಾಯುವ ಚಿಕಿತ್ಸೆಗೆ ತೋರಿಸಲು ವಸ್ತುವಿಲ್ಲ, ಪ್ಯಾಕೇಜಿನ ಹೆಸರಿಲ್ಲ, ಸಿಡಿಯಲ್ಲಿ "ಮೊದಲು-ಆಮೇಲೆ" ಚಿತ್ರವಿಲ್ಲ. ಅದಕ್ಕೆ ಬೇಕಾದದ್ದು ಹೃದಯದ ಬಡಿತ ಗಮನಿಸುವ ವಾರ್ಡಿನಲ್ಲಿ ಮೂರರಿಂದ ಐದು ದಿನದ ನಿಗಾ, ಏಕೆಂದರೆ ಸೀಳು ಮುಂದುವರಿಯುವುದಾದರೆ ಹೆಚ್ಚಾಗಿ ಮೊದಲ ವಾರದಲ್ಲೇ ಮುಂದುವರಿಯುತ್ತದೆ. ನೋವು ನಿಂತಿತೆಂದು ಎರಡನೆಯ ದಿನವೇ ಡಿಸ್ಚಾರ್ಜ್ ಕೇಳುವ ಮನೆಯವರಿಗೂ, ಹಾಸಿಗೆ ಖಾಲಿ ಮಾಡಿಸುವ ಅವಸರದಲ್ಲಿರುವ ಆಸ್ಪತ್ರೆಗೂ ಇದನ್ನು ಬಿಡಿಸಿ ಹೇಳಬೇಕು.

ಔಷಧಿಗಳ ವಿಷಯದಲ್ಲಿ ಎಲ್ಲವೂ ಇತ್ಯರ್ಥವಾಗಿಲ್ಲ. ರೋಗ ಗೊತ್ತಾದ ಕೂಡಲೇ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ನಿಲ್ಲಿಸುವುದು ರೂಢಿ. ಹೃದಯದ ಬಡಿತ, ಬಿಪಿ ತಗ್ಗಿಸುವ ಬೀಟಾ-ಬ್ಲಾಕರ್ ಗುಳಿಗೆಯ ಪರವಾಗಿ ಒಳ್ಳೆಯ ಆಧಾರವಿದೆ: 2017ರಲ್ಲಿ ಪ್ರಕಟವಾದ, 327 ರೋಗಿಗಳ ವ್ಯಾಂಕೂವರ್ ಅಧ್ಯಯನದಲ್ಲಿ ಸುಮಾರು ಮೂರು ವರ್ಷದಲ್ಲಿ ಹತ್ತರಲ್ಲಿ ಒಬ್ಬರಿಗೆ ಸ್ಕ್ಯಾಡ್ ಮರುಕಳಿಸಿತು, ಬೀಟಾ-ಬ್ಲಾಕರ್ ತೆಗೆದುಕೊಳ್ಳುತ್ತಿದ್ದವರಲ್ಲಿ ಅದು ಕಡಿಮೆ, ಬಿಪಿ ಇದ್ದವರಲ್ಲಿ ಹೆಚ್ಚು. ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್‌ನಂತಹ, ಹೆಪ್ಪು ತಡೆಯುವ ಎರಡನೆಯ ಗುಳಿಗೆ ಬೇಕೇ ಎಂಬುದು ವಿವಾದದಲ್ಲಿದೆ. ಇಟಲಿ ಮತ್ತು ಸ್ಪೇನ್‌ನ ಆಸ್ಪತ್ರೆಗಳಲ್ಲಿ ಸ್ಟೆಂಟ್ ಇಲ್ಲದೆ ಚಿಕಿತ್ಸೆ ಪಡೆದ 199 ಮಂದಿಯ ದಾಖಲೆಗಳಲ್ಲಿ, ಎರಡೂ ಗುಳಿಗೆ ಪಡೆದವರಿಗೆ ಒಂದು ವರ್ಷದಲ್ಲಿ ತೊಂದರೆಗಳು ಹೆಚ್ಚು ಕಂಡವು, ಒಂದೇ ಗುಳಿಗೆ ಪಡೆದವರ ಶೇ. 6ಕ್ಕೆ ಪ್ರತಿಯಾಗಿ ಶೇ. 18.9. ಇದು ಚೀಟಿ ಎತ್ತಿ ಹಂಚಿದ ಪ್ರಯೋಗವಲ್ಲ, ಹಳೆಯ ದಾಖಲೆಗಳ ಹೋಲಿಕೆ; ಆದರೂ ಸ್ಟೆಂಟ್ ಹಾಕದವಳಿಗೆ ರೂಢಿಬಲದಿಂದ ವರ್ಷಪೂರ್ತಿ ಎರಡೂ ಗುಳಿಗೆ ಬರೆಯುವವರು ಒಮ್ಮೆ ಯೋಚಿಸುವಷ್ಟು ಸಾಮಗ್ರಿ ಇದರಲ್ಲಿದೆ. ಕೊಲೆಸ್ಟ್ರಾಲ್ ಏರಿಲ್ಲದವರಿಗೆ, ಬೇರೆ ಕಾರಣವೂ ಇಲ್ಲದಿದ್ದರೆ, ಅದನ್ನು ಇಳಿಸುವ ಸ್ಟ್ಯಾಟಿನ್ ಗುಳಿಗೆ ಬೇಕಿಲ್ಲ.

ಬಾಣಂತಿಯಾದರೆ ಮನೆಯವರ ಮೊದಲ ಪ್ರಶ್ನೆ ಕೂಸಿನದು: "ಹಾಲು ಕುಡಿಸಬಹುದೇನ್ರಿ?" ಮೆಟೊಪ್ರೊಲಾಲ್ ಎಂಬ ಬೀಟಾ-ಬ್ಲಾಕರ್, ಕಡಿಮೆ ಪ್ರಮಾಣದ ಆಸ್ಪಿರಿನ್ ತೆಗೆದುಕೊಳ್ಳುವ ತಾಯಿ ಸಾಮಾನ್ಯವಾಗಿ ಹಾಲೂಡಿಸಬಹುದು, ಔಷಧಿಯ ಪಟ್ಟಿಯನ್ನು ಹೆರಿಗೆ ವೈದ್ಯರೂ ಹೃದಯ ವೈದ್ಯರೂ ಕೂಡಿ ನೋಡಬೇಕು. ಮುಂದಿನ ಬಸಿರು ಬೇಡವೆಂದೇ ಹೆಚ್ಚಿನ ತಜ್ಞರ ಸಲಹೆ. ಹಾರ್ಮೋನಿನ ಗುಳಿಗೆ, ಇಂಜೆಕ್ಷನ್ನುಗಳಿಗಿಂತ ಕಾಪರ್-ಟಿ ಸುರಕ್ಷಿತ. ಹೃದಯಾಘಾತದಿಂದ ಎದ್ದ ಹೆಂಗಸನ್ನೇ ಮತ್ತೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಟೇಬಲ್ ಮೇಲೆ ಮಲಗಿಸುವ ಬದಲು ಗಂಡ ವ್ಯಾಸೆಕ್ಟಮಿ ಮಾಡಿಸಿಕೊಂಡರೆ ಕೆಲಸ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಆದರೆ ನಮ್ಮ ಕಡೆ ಆ ಮಾತೆತ್ತಿದರೆ ಗಂಡಸರು ಚಹಾ ಕುಡಿಯಲು ಹೊರಗೆ ಹೋಗುತ್ತಾರೆ.

ಮನೆಗೆ ಹೋದ ಮೇಲೆ ನೀರಿನ ಕೊಡ, ಜೋಳದ ಚೀಲದಂತಹ ಉಸಿರು ಬಿಗಿಹಿಡಿದು ಎತ್ತುವ ಭಾರ ಬೇಡ. ದಿನಾಲು ನಡೆಯುವುದು ಬೇಕು. ವರ್ಷವಿಡೀ ಹಾಸಿಗೆಯಲ್ಲಿ ಕೂಡಿಸುವ ಪ್ರೀತಿಯೂ ಅಪಾಯವೇ. ಮೆದುಳಿನಿಂದ ಕಿಬ್ಬೊಟ್ಟೆಯವರೆಗಿನ ನಾಳಗಳ ಸಿಟಿ ಆಂಜಿಯೋಗ್ರಾಂ ಒಮ್ಮೆ ಮಾಡಿಸಿ ಬೇರೆಲ್ಲಾದರೂ ಗೋಡೆಯ ದೋಷವಿದೆಯೇ ನೋಡಬೇಕು. ಮುಂದೆ ಎಂದಾದರೂ ಮತ್ತೆ ಎದೆನೋವು ಬಂದರೆ ಅವಳು ಹೋಗುವುದು ಮೊದಲಿನ ಕ್ಯಾಥ್ ಲ್ಯಾಬಿಗಲ್ಲ, ಹತ್ತಿರದ ತಾಲೂಕು ಆಸ್ಪತ್ರೆಗೆ, ಅಲ್ಲಿ ಅವಳನ್ನು ಮೊದಲ ಸಲ ನೋಡುವ ಡ್ಯೂಟಿ ಡಾಕ್ಟರ ಬಳಿಗೆ. ಆದ್ದರಿಂದ ಡಿಸ್ಚಾರ್ಜ್ ಕಾರ್ಡಿನಲ್ಲಿ "ಹೃದಯಾಘಾತ, ಔಷಧಿ ಚಿಕಿತ್ಸೆ" ಎಂದಷ್ಟೇ ಬರೆದರೆ ಸಾಲದು. ಯಾವ ನಾಳ ಎಲ್ಲಿಂದ ಎಲ್ಲಿಯವರೆಗೆ ಸೀಳಿತ್ತು, ಸ್ಟೆಂಟ್ ಯಾಕೆ ಹಾಕಲಿಲ್ಲ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಾರದು, ಇಸಿಜಿ ಮತ್ತು ಟ್ರೋಪೋನಿನ್ ನೋಡಿ ಈ ನಂಬರಿಗೆ ಫೋನ್ ಮಾಡಿ ಎಂಬ ನಾಲ್ಕು ಸಾಲು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಬೇಕು, ಮತ್ತು ಆ ಕಾರ್ಡಿನ ಫೋಟೋ ಮನೆಯ ಇಬ್ಬರು ಮೂವರ ಮೊಬೈಲಿನಲ್ಲಿರಬೇಕು.